ಐದು ಲೀಟರ್ ಕೋಪ

ನನಗೆ ಕೋಪ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ಜಯನಗರದ ಟಿ ಬ್ಲಾಕಿನ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ನಾನು ಹೇಳುವುದಕ್ಕಿಂತ ನಾಲ್ಕು ಮಾತು ಹೆಚ್ಚಿಗೆ ಸೇರಿಸಿಯೇ ಹೇಳುತ್ತಾರೆ. ಸೊಪ್ಪಿನ ಗಾಡಿಯವನು ಬೀದಿಯುದ್ದಕ್ಕೂ ಗಂಟಲು ಹರಿಯುವಂತೆ ಕೂಗಿಕೊಂಡು ಬಂದು ನಮ್ಮ ಗೇಟಿನ ಮುಂದೆ ಮಾತ್ರ ಪಿಸುಗುಟ್ಟಿ ಮುಂದೆ ಹೋಗುತ್ತಾನೆ. ಎದುರು ಮನೆಯ ನಾಯಿ ಪೋಸ್ಟ್‌ಮ್ಯಾನಿಗೆ ಬೊಗಳುತ್ತದೆ, ಪೊಲೀಸರಿಗೆ ಬೊಗಳುತ್ತದೆ, ನನ್ನನ್ನು ಕಂಡರೆ ಕಾರಿನ ಕೆಳಗೆ ಸೇರಿಕೊಳ್ಳುತ್ತದೆ. ನಾನು ಅದಕ್ಕೆ ಇದುವರೆಗೆ ಒಂದು ಮಾತು ಅಂದವಳಲ್ಲ. ಅಂದಿರುವುದೆಲ್ಲ ಅದರ ಯಜಮಾನನಿಗೆ.

ಇಪ್ಪತ್ತೊಂಬತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ಗಣಿತದ ಮೇಡಂ ನಗುನಗುತ್ತಾ ಇದ್ದರೆ ಮಕ್ಕಳು ಪ್ರಮೇಯ ಬರೆಯುವುದಿಲ್ಲ ಎಂಬುದು ನನ್ನ ಅನುಭವ. ಹೀಗೆ ಉದ್ಯೋಗಕ್ಕೆಂದು ಬೆಳೆಸಿಕೊಂಡ ಕೋಪ ಸಂಜೆ ತಿದ್ದಬೇಕಾದ ಪತ್ರಿಕೆಗಳ ಕಟ್ಟಿನ ಜೊತೆ ಮನೆಗೂ ಬರುತ್ತಿತ್ತು. ಅದರ ಬಗ್ಗೆ ನನಗೆ ನಾಚಿಕೆಯೇನೂ ಇರಲಿಲ್ಲ ನೋಡಿ. ನಾನು ಸುಮ್ಮಸುಮ್ಮನೆ ಕೂಗಾಡುವವಳಲ್ಲ. ಪ್ರತಿ ಕೂಗಿಗೂ ಕಾರಣ ಇದೆ, ಬೇಕಾದರೆ ಹಂತಹಂತವಾಗಿ ಬಿಡಿಸಿ ತೋರಿಸುತ್ತೇನೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವ ಗಂಡ ಇದ್ದಾರೆ. ನಾನು ಒಲೆಯ ಮೇಲಿಟ್ಟ ಸಾರಿಗೆ ನನಗೆ ಗೊತ್ತಾಗದಂತೆ ಇನ್ನೊಂದು ಚಮಚ ಉಪ್ಪು ಹಾಕಿ ಏನೂ ಅರಿಯದವರಂತೆ ಜಪಕ್ಕೆ ಕೂರುವ ಅತ್ತೆ ಇದ್ದಾರೆ. ನಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುವ ಪಕ್ಕದ ಮನೆಯ ಬಾಡಿಗೆಯವನಿದ್ದಾನೆ. ಇಷ್ಟು ಜನರ ಮಧ್ಯೆ ಕೋಪ ಬರದಿದ್ದರೆ ಆಗ ಡಾಕ್ಟರ ಹತ್ತಿರ ಹೋಗಬೇಕು ಎಂದು ನಾನು ತಿಳಿದಿದ್ದೆ.

ಆದರೆ ಡಾಕ್ಟರ ಹತ್ತಿರ ಹೋಗಬೇಕಾಗಿ ಬಂದದ್ದು ಬೇರೆ ಕಾರಣಕ್ಕೆ. ಸಂಕ್ರಾಂತಿ ಕಳೆದ ಮೇಲೆ ಬಿ.ಪಿ. ಏರಿತು, ಮಾತ್ರೆ ನುಂಗಿದರೂ ಇಳಿಯಲಿಲ್ಲ. ಮುಖ ಕಡುಬಿನ ಹಾಗೆ ದುಂಡಗಾಯಿತು. ಮಾಮೂಲು ನೋಡುವ ಡಾಕ್ಟರು ನನ್ನನ್ನು ಎರಡು ಸಲ ತಿರುಗಿಸಿ ನೋಡಿ, ಬಿಳೇಕಹಳ್ಳಿಯಲ್ಲಿರುವ ಹಾರ್ಮೋನಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಹೋಗಿ ನೋಡಿದರೆ ಆ ಡಾಕ್ಟರು ನನ್ನ ಹತ್ತನೇ ತರಗತಿಯ ಮಕ್ಕಳಿಗಿಂತ ನಾಲ್ಕೈದು ವರ್ಷ ದೊಡ್ಡವಳಂತೆ ಕಾಣುವ ಹುಡುಗಿ. ಅವಳು ಕಾಗದದ ಮೇಲೆ ಎರಡು ಕಿಡ್ನಿ ಬರೆದು, ಅವುಗಳ ತಲೆಯ ಮೇಲೆ ಎರಡು ಟೋಪಿ ಬರೆದಳು. ಈ ಟೋಪಿಗಳೇ ಗ್ರಂಥಿಗಳು, ಒತ್ತಡದ ಹಾರ್ಮೋನು ಇಲ್ಲಿ ತಯಾರಾಗುವುದು, ಅದರ ಹೆಸರು ಕಾರ್ಟಿಸಾಲ್ ಎಂದಳು.

"ಇದು ಜಾಸ್ತಿ ಆದ್ರೆ ಬಿ.ಪಿ. ಏರತ್ತೆ, ಮುಖ ರೌಂಡ್ ಆಗತ್ತೆ, ನಿದ್ದೆ ಬರಲ್ಲ. ಸಣ್ಣಸಣ್ಣದಕ್ಕೆಲ್ಲ ಸಿಟ್ಟು ಬರತ್ತೆ."

ಅಲ್ಲಿಯವರೆಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ ನನ್ನ ಗಂಡ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಕಳೆದ ವರ್ಷ ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ಯಾವ ವಿಷಯದಲ್ಲೂ ಅಷ್ಟು ಆಸಕ್ತಿ ತೋರಿಸಿದ್ದನ್ನು ನಾನು ಕಂಡಿರಲಿಲ್ಲ.

"ಡಾಕ್ಟ್ರೇ, ಇದು ಎಷ್ಟು ವರ್ಷದಿಂದ ಇದ್ದಿರ್ಬೋದು? ಮದುವೆಗೆ ಮುಂಚಿನಿಂದ್ಲೂ ಇದ್ದಿರ್ಬೋದಾ?"

ನಾನು ಅವರ ಕಡೆ ನೋಡಿದೆ. ಅವರು ಮತ್ತೆ ಕ್ಯಾಲೆಂಡರಿನ ಕಡೆ ನೋಡಿದರು. ಡಾಕ್ಟರು ನಕ್ಕಳು. ಆಮೇಲೆ, ಗ್ರಂಥಿಯಲ್ಲಿ ಗಡ್ಡೆ ಏನಾದರೂ ಇದೆಯೋ ನೋಡಬೇಕಾಗಬಹುದು, ಇದ್ದರೆ ಆಪರೇಷನ್ನು, ಆದರೆ ಮೊದಲು ಇಪ್ಪತ್ತನಾಲ್ಕು ಗಂಟೆಯ ಮೂತ್ರ ಪರೀಕ್ಷೆ ಮಾಡಿಸಿ ಎಂದಳು. ಇನ್ನೂ ಏನೇನೋ ಹೇಳಿದಳು, ಮಾಮೂಲಿಯಂತೆ ಇರಿ ಎಂದೋ ಏನೋ. ಗಡ್ಡೆ ಎಂಬ ಮಾತಾದ ಮೇಲೆ ಆಡಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ಪಕ್ಕದವರ ಕಿವಿಗೂ ಬಿದ್ದಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಮನೆಗೆ ಬಂದು ಯೋಚನೆ ಮಾಡುತ್ತಾ ಕೂತೆ. ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೆದರಿಕೆಯ ಮೂಲೆಯಲ್ಲಿ ಒಂದು ಸಣ್ಣ ಆಸೆಯೂ ಸೇರಿಕೊಂಡಿತ್ತು. ಹಾರ್ಮೋನು ಜಾಸ್ತಿ ಇದೆ ಎಂದು ಬಂದರೆ ಇಷ್ಟು ವರ್ಷ ಕೂಗಾಡಿದ್ದು ನಾನಲ್ಲ ಎಂದಾಯಿತಲ್ಲ! ಕ್ಲಾಸಿನಲ್ಲಿ ಸ್ಕೇಲು ಮುರಿದದ್ದು, ಮೈದುನನ ಮದುವೆಯಲ್ಲಿ ಅಡುಗೆಯವರ ಮೇಲೆ ಹರಿಹಾಯ್ದದ್ದು, ಅತ್ತೆಯ ಜೊತೆ ಒಂದು ಚಾತುರ್ಮಾಸ್ಯ ಪೂರ್ತಿ ಮಾತು ಬಿಟ್ಟದ್ದು ಎಲ್ಲವೂ ಆ ಎರಡು ಟೋಪಿಗಳ ತಲೆಗೆ ಹೋಗುತ್ತದೆ. ಇಲ್ಲ ಎಂದು ಬಂದರೆ ಪ್ರಾಣ ಉಳಿಯಿತು, ಮಾನ ಹೋಯಿತು. ಪುರಾಣದ ಋಷಿಗಳು ನೆನಪಾದರು. ಒಬ್ಬರು ಎದ್ದು ನಿಲ್ಲಲಿಲ್ಲ ಎಂದು ಶಾಪ, ಇನ್ನೊಬ್ಬರು ನಕ್ಕರು ಎಂದು ಶಾಪ. ಆಶ್ರಮದ ಪಕ್ಕದಲ್ಲೊಂದು ಲ್ಯಾಬ್ ಇದ್ದಿದ್ದರೆ ಎಷ್ಟು ಶಾಪಗಳು ರದ್ದಾಗಿ ಎಷ್ಟು ಜನ ಕಲ್ಲಿನಿಂದ, ಮರದಿಂದ, ಹೆಬ್ಬಾವಿನಿಂದ ಮನುಷ್ಯರಾಗಿ ಮನೆಗೆ ಹೋಗುತ್ತಿದ್ದರೋ. ಆದರೆ ಋಷಿಗಳು ಒಪ್ಪುತ್ತಿದ್ದರೇ ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ.

ಲ್ಯಾಬಿನ ಹುಡುಗಿ ಕೌಂಟರಿನ ಮೇಲೆ ಒಂದು ಬಿಳೀ ಪ್ಲಾಸ್ಟಿಕ್ ಡಬ್ಬ ಇಟ್ಟಳು. ಐದು ಲೀಟರ್ ಹಿಡಿಯುವ, ಹಿಡಿಕೆ ಇರುವ ಡಬ್ಬ. ಮೈಮೇಲೆ ನನ್ನ ಹೆಸರು, ವಯಸ್ಸು.

"ಬೆಳಿಗ್ಗೆ ಎದ್ದ ತಕ್ಷಣದ್ದು ಬೇಡ ಮೇಡಂ, ಬಿಟ್ಬಿಡಿ. ಟೈಮ್ ಬರ್ಕೊಳ್ಳಿ. ಅಲ್ಲಿಂದ ಮಾರನೇ ದಿನ ಅದೇ ಟೈಮ್‌ವರ್ಗೂ ಎಲ್ಲಾ ಇದ್ರೊಳಗೇ. ಒಂದ್ ಸಲಾನೂ ಮಿಸ್ ಆಗಂಗಿಲ್ಲ. ಡಬ್ಬ ಫ್ರಿಜ್ಜಲ್ಲಿ ಇಡ್ಬೇಕು."

ಅವಳು ಇದನ್ನೆಲ್ಲ ಇಡೀ ಲ್ಯಾಬಿಗೆ ಕೇಳುವಂತೆ ಹೇಳಿದಳು. ನನಗೆ ಮೈಯೆಲ್ಲ ಮುಳ್ಳಾಯಿತು. ನಮ್ಮ ಕಡೆ ಇದಕ್ಕೆ ಹೆಸರೇ ಹೇಳುವುದಿಲ್ಲ ನೋಡಿ. ಶಾಲೆಯಲ್ಲಿ 'ಒಂದಕ್ಕೆ' ಎನ್ನುತ್ತೇವೆ, ಅದೂ ಹೇಳಲಾಗದವರು ಕಿರುಬೆರಳು ಎತ್ತುತ್ತಾರೆ. ಇಪ್ಪತ್ತೊಂಬತ್ತು ವರ್ಷ ನನ್ನೆದುರು ಎದ್ದ ಕಿರುಬೆರಳುಗಳಿಗೆ ಲೆಕ್ಕವಿಲ್ಲ. "ಈಗ ತಾನೇ ಹೋಗ್ಬಂದ್ಯಲ್ಲ, ಕೂತ್ಕೋ" ಎಂದು ಅರ್ಧದಷ್ಟನ್ನು ಅಲ್ಲೇ ಇಳಿಸಿದ್ದೇನೆ. ಆ ಮಕ್ಕಳೆಲ್ಲ ಈಗ ದೊಡ್ಡವರಾಗಿ, ಕೈಯಲ್ಲಿ ಡಬ್ಬ ಹಿಡಿದು ರಸ್ತೆ ದಾಟುತ್ತಿದ್ದ ನನ್ನನ್ನು ಜಯನಗರದ ಯಾವ ಯಾವ ಮೂಲೆಯಿಂದ ನೋಡಿದರೋ.

ಫ್ರಿಜ್ಜಿನ ವಿಷಯಕ್ಕೆ ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. ಎಂಬತ್ತೆರಡು ವರ್ಷದ ಅತ್ತೆ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು, ಅಷ್ಟೆ. ಒಳಗೆ ಮಡಿ ಮೊಸರು ಇತ್ತು. ನನ್ನ ಗಂಡ ಜ್ಯೂಸ್ ಅಂಗಡಿಯಿಂದ ಐಸ್ ತಂದು ಬಕೆಟ್ಟಿಗೆ ಸುರಿದು, ಡಬ್ಬವನ್ನು ಅದರೊಳಗೆ ಕೂರಿಸಿ, ಹಿತ್ತಲ ಬಚ್ಚಲಿನ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಭಾನುವಾರ ಬೆಳಿಗ್ಗೆ ಆರೂ ಹತ್ತಕ್ಕೆ ಶುರುವಾಯಿತು.

ಏಳು ಗಂಟೆಗೆ ಅತ್ತೆ ದೂರದಿಂದಲೇ ಡಬ್ಬವನ್ನು ನೋಡಿ, "ಇಷ್ಟು ದೊಡ್ಡದು ಕೊಟ್ಟಿದಾರಲ್ಲೇ" ಎಂದರು.

"ಹೌದು ಅತ್ತೆ."

"ಇದು ತುಂಬತ್ತೇನೇ?"

"ತುಂಬ್ಬೇಕು ಅಂತೇನಿಲ್ಲ."

"ತುಂಬ್ಬೇಕು ಅಂತಿಲ್ದೆ ಇಷ್ಟು ದೊಡ್ಡದು ಯಾಕೆ ಕೊಡ್ತಾರೆ?" ಎಂದರು ಪೇಪರ್ ಓದುತ್ತಿದ್ದ ನನ್ನ ಗಂಡ. ಮೂವತ್ತೈದು ವರ್ಷ ಸರ್ಕಾರಿ ಕೆಲಸ ಮಾಡಿದವರು ಅವರು. ನಮೂನೆಯಲ್ಲಿ ಜಾಗ ಬಿಟ್ಟಿದ್ದರೆ ಅದನ್ನು ತುಂಬಲೇಬೇಕು.

ಅತ್ತೆಯ ಕಷ್ಟ ಬೇರೆಯದು. ನಮ್ಮ ಮನೆಯಲ್ಲಿ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ. ಪಕ್ಕದ ಮನೆಯವರು ಕೋಸಂಬರಿ ಕಳಿಸಿದ ಡಬ್ಬಿ ನಮ್ಮಲ್ಲಿಂದ ಚಕ್ಕುಲಿ ಹೊತ್ತುಕೊಂಡು ಹೋಗುತ್ತದೆ. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಬೀಳುತ್ತದೆ. ಅರ್ಧ ತುಂಬಿಸಿ ಕೊಡುವುದಂತೂ ಬರಿದು ಕೊಡುವುದಕ್ಕಿಂತ ಅವಮಾನ. "ಮನೇಲಿ ಇದ್ದಿದ್ದೇ ಇಷ್ಟು ಅಂತ ತಿಳ್ಕೊಳಲ್ವೇನೇ?" ಎಂದು ಅತ್ತೆ ಯಾವಾಗಲೂ ಹೇಳುತ್ತಾರೆ. ಅವತ್ತು ಡಬ್ಬದ ತಳದಲ್ಲಿದ್ದದ್ದನ್ನು ನೋಡಿ ಅವರ ಮುಖ ಸಣ್ಣದಾಯಿತು. ಅದಕ್ಕೆ ವೈದ್ಯವೂ ಸೇರಿಕೊಂಡಿತು. ಕೋಪ ಎಂದರೆ ಉಷ್ಣ, ಉಷ್ಣ ಇಳಿಯುವುದು ಆ ದಾರಿಯಲ್ಲೇ, ಹೆಚ್ಚು ಇಳಿದಷ್ಟೂ ಒಳ್ಳೆಯದು ಎಂದು ತೀರ್ಮಾನಿಸಿ ಒಳಗೆ ಹೋದರು.

ಎಂಟಕ್ಕೆ ಬಾರ್ಲಿ ನೀರು ಬಂತು. ಒಂಬತ್ತಕ್ಕೆ ಒಂದು ಚೊಂಬು ನೀರುಮಜ್ಜಿಗೆ. ಹತ್ತೂವರೆಗೆ ನನ್ನ ಗಂಡ ಹೊರಗೆ ಹೋಗಿ ಮೂರು ಎಳನೀರು ಹೊಡೆಸಿಕೊಂಡು ಬಂದರು. ಹನ್ನೆರಡಕ್ಕೆ ಕಾಮಕಸ್ತೂರಿ ಬೀಜ ನೆನೆಸಿದ ಪಾನಕ, ಊಟಕ್ಕೆ ಸಾರು ಜಾಸ್ತಿ, ಅನ್ನ ಕಮ್ಮಿ. ಎರಡಕ್ಕೆ ಬೂದುಗುಂಬಳದ ರಸ. ಅದನ್ನು ಕುಡಿಯುವಾಗ, ನನ್ನ ಮುಖವೂ ಹೊರಗೆ ಬೂದುಗುಂಬಳದ ಹಾಗೇ ಕಾಣುತ್ತಿರಬೇಕು ಎನ್ನಿಸಿತು. ನಾಲ್ಕಕ್ಕೆ ಲಾವಂಚದ ನೀರು. ಬೇಡ ಎನ್ನಲು ಬಾಯಿ ತೆರೆದರೆ, "ಇವತ್ತೊಂದಿನ ಸಿಟ್ಟು ಮಾಡ್ಕೋಬೇಡ ಪದ್ದೂ" ಎಂದು ಗಂಡ ಲೋಟ ಹಿಡಿದು ನಿಲ್ಲುತ್ತಿದ್ದರು. ಪದ್ದೂ! ಪದ್ಮಾ ಎಂಬ ನನ್ನ ಹೆಸರನ್ನು ಹಾಗೆ ಕರೆದು ಇಪ್ಪತ್ತು ವರ್ಷವಾಗಿತ್ತು. ಕುಡಿದೆ.

ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಅವತ್ತು ನಾನು ಮನೆಯಲ್ಲಿ ವಾಸ ಮಾಡಲಿಲ್ಲ, ಬಚ್ಚಲಿನಲ್ಲಿ ವಾಸ ಮಾಡಿ ನಡುನಡುವೆ ಮನೆಗೆ ಬಂದು ಹೋಗುತ್ತಿದ್ದೆ. ಪ್ರತಿ ಸಲ ಹೊರಗೆ ಬಂದಾಗಲೂ ಅತ್ತೆ ಪೂಜೆಯ ಮನೆಯಿಂದಲೇ, ಹಾಲಿನವನನ್ನು ಕೇಳುವ ಧಾಟಿಯಲ್ಲಿ, "ಎಷ್ಟಾಯ್ತೇ?" ಎಂದು ಕೇಳುತ್ತಿದ್ದರು. ಐದು ಗಂಟೆಗೆ ಡಬ್ಬ ಕಂಠಮಟ್ಟ ಬಂತು. ನನ್ನ ಗಂಡ ಓಡಿಹೋಗಿ ಲ್ಯಾಬಿನಿಂದ ಇನ್ನೊಂದು ಡಬ್ಬ ತಂದರು. ಅದನ್ನು ಒಳಗೆ ತರುವಾಗ ಅವರ ಮುಖದಲ್ಲಿ, ಪರೀಕ್ಷೆಯಲ್ಲಿ ಹೆಚ್ಚುವರಿ ಹಾಳೆ ಕೇಳಿ ತೆಗೆದುಕೊಂಡ ಹುಡುಗನ ಹೆಮ್ಮೆ ಇತ್ತು.

ಸೋಮವಾರ ಬೆಳಿಗ್ಗೆ ಎರಡು ಡಬ್ಬಗಳನ್ನು ಕೌಂಟರಿನ ಮೇಲೆ ಇಟ್ಟೆವು. ಲ್ಯಾಬಿನ ಹುಡುಗಿ ಡಬ್ಬಗಳನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ಗಂಡನನ್ನು ನೋಡಿದಳು.

"ಮೇಡಂ, ಇದು ಒಬ್ಬರದೇನಾ?"

"ಒಬ್ಬರದೇ" ಎಂದರು ನನ್ನ ಗಂಡ, ಪಕ್ಕದಲ್ಲಿ ನಿಂತಿದ್ದವರಿಗೂ ಕೇಳುವಂತೆ.

ನಾಲ್ಕು ದಿನ ಬಿಟ್ಟು ರಿಪೋರ್ಟು ಫೋನಿಗೆ ಬಂತು. ಕಾರ್ಟಿಸಾಲ್ ಎಂಬ ಸಾಲಿನಲ್ಲಿ ಸಂಖ್ಯೆ ದಪ್ಪಕ್ಷರದಲ್ಲಿತ್ತು, ಪಕ್ಕದಲ್ಲಿ ಮೇಲಕ್ಕೆ ಮುಖ ಮಾಡಿದ ಬಾಣ. ಇರಬೇಕಾದ್ದಕ್ಕಿಂತ ಜಾಸ್ತಿ. ಡಾಕ್ಟರು ಊರಲ್ಲಿರಲಿಲ್ಲ, ಮುಂದಿನ ಗುರುವಾರವೇ ಸಿಗುವುದು. ನಾನು ಸ್ಟಾಫ್ ರೂಮಿನಲ್ಲಿ ಕೂತು ಆ ಬಾಣವನ್ನು ಮೂರು ಸಲ ದೊಡ್ಡದು ಮಾಡಿ ನೋಡಿದೆ. ಮುಂದಿನ ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲೆ ವೃತ್ತದ ಸ್ಪರ್ಶಕ ಎಳೆಯುತ್ತಿದ್ದವಳ ಕೈ ನಿಂತುಹೋಯಿತು. ಮಕ್ಕಳು ಮೇಡಂ ಏನೋ ಯೋಚನೆ ಮಾಡುತ್ತಿದ್ದಾರೆ ಎಂದುಕೊಂಡರು. ನಾನು ಹೆದರಿ ನಿಂತಿದ್ದೆ.

ಮನೆಗೆ ಬಂದು ಹೇಳಿದೆ. ಅತ್ತೆ ಅಳತೊಡಗಿದರು. "ಪಾಪ, ನಿಂದೇನು ತಪ್ಪೇ, ಎಲ್ಲಾ ಆ ಗ್ರಂಥಿ ರಸದ್ದು" ಎಂದು ತಲೆ ಸವರಿ, ಬನಶಂಕರಿಗೆ ಒಂಬತ್ತು ಮಂಗಳವಾರ ನಿಂಬೆಹಣ್ಣಿನ ದೀಪ ಹಚ್ಚುವ ಹರಕೆ ಹೊತ್ತರು. ಗಂಡ ಎದ್ದು ಹೋಗಿ ನನಗೆ ಕಾಫಿ ಮಾಡಿಕೊಂಡು ಬಂದರು. ಅದರಲ್ಲಿ ಸಕ್ಕರೆ ಇರಲಿಲ್ಲ, ಕೂಗದೆ ಕುಡಿದೆ.

ಖುಲಾಸೆಯ ಸುಖವನ್ನು ಎರಡು ದಿನ ಅನುಭವಿಸಿದೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನಾನು ಗಳಿಸಿದ್ದ ಎಲ್ಲ ಅಪವಾದಗಳೂ ಒಂದೇ ಬಾಣಕ್ಕೆ ಬಿದ್ದಿದ್ದವು. ಮೂರನೆಯ ದಿನ ಬೆಳಿಗ್ಗೆ ಹಾಸಿಗೆಯ ಮೇಲೆ ಒದ್ದೆ ಟವೆಲ್ ಕಂಡಿತು. ಕೂಗಿದೆ. ಎಂದಿನಂತೆ "ಈಗ ಏನಾಗೋಯ್ತು?" ಎಂಬ ಎದುರುತ್ತರ ಬರಬೇಕಿತ್ತು, ಅದಕ್ಕೆ ನನ್ನ ಉತ್ತರವೂ ಸಿದ್ಧವಾಗಿತ್ತು. ಅದು ಬರಲಿಲ್ಲ. ಗಂಡ ಟವೆಲ್ ಎತ್ತಿಕೊಂಡು ನನ್ನನ್ನು ಮೃದುವಾಗಿ ನೋಡಿದರು.

"ಪರ್ವಾಗಿಲ್ಲ ಪದ್ದೂ, ಬೈದ್ಬಿಡು. ಇದು ನೀನು ಬೈತಿರೋದಲ್ಲ, ಹಾರ್ಮೋನು."

"ಹಾರ್ಮೋನ್ ಅಲ್ಲ ಕಣ್ರೀ, ಟವೆಲ್ಲು! ಹಾಸಿಗೆ ಒದ್ದೆ ಆಗಿದೆ!"

"ಹೌದು ಹೌದು" ಎಂದರು, ಜ್ವರ ಬಂದ ಮಗುವಿನ ಮಾತಿಗೆ ಹೂಂಗುಟ್ಟುವಂತೆ.

ಅವತ್ತು ಸಂಜೆ ಗೇಟಿಗೆ ಅಡ್ಡವಾಗಿ ಕಾರು ನಿಂತಿತ್ತು. ಪಕ್ಕದ ಮನೆಯ ಬಾಡಿಗೆಯವನನ್ನು ಕರೆದು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವನು ಮುಂಚೆಯಾದರೆ ಕೀಲಿಕೈಗಾಗಿ ಓಡುತ್ತಿದ್ದ. ಈಗ ಕೈ ಮುಗಿದು, "ಗೊತ್ತಾಯ್ತು ಆಂಟಿ, ಅಂಕಲ್ ಎಲ್ಲಾ ಹೇಳಿದ್ರು. ಟೆನ್ಷನ್ ಮಾಡ್ಕೋಬೇಡಿ, ರೆಸ್ಟ್ ತಗೊಳಿ ಆಂಟಿ" ಎಂದು ಒಳಗೆ ಹೋದ. ಕಾರು ಅಲ್ಲೇ ಇತ್ತು!

ಅಡುಗೆ ಮನೆಯಲ್ಲೂ ಅದೇ ಕಥೆ. ಸಾರಿಗೆ ಉಪ್ಪು ಹಾಕಿದ್ದನ್ನು ಕಣ್ಣಾರೆ ಕಂಡು ಕೇಳಿದರೆ ಅತ್ತೆ, "ನೀನು ಹೇಳಿದ್ದೇ ಸರಿ ಕಣಮ್ಮ" ಎಂದುಬಿಟ್ಟರು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ಸೋಲೊಪ್ಪದವರು! ನನಗೆ ಅಳು ಬರುವಂತಾಯಿತು. ಅವರ ಜೊತೆ ಜಗಳ ಆಡುವುದೆಂದರೆ ಸಮಬಲರ ಪಂದ್ಯ. ಒಂದು ಮಾತಿಗೆ ಎರಡು, ಎರಡಕ್ಕೆ ನಾಲ್ಕು, ಕೊನೆಗೆ ಇಬ್ಬರೂ ಕೂತು ಅವರೆಕಾಯಿ ಸುಲಿಯುವುದು. ಈಗ ನನ್ನ ಎದುರಾಳಿಯೇ ಅಂಗಳ ಬಿಟ್ಟು ಹೋಗಿ ಬೇಲಿಯಾಚೆ ನಿಂತು ಕನಿಕರದಿಂದ ನೋಡುತ್ತಿದ್ದರು.

ಆಗ ನನಗೆ ಅರ್ಥವಾಯಿತು. ಈ ಮನೆಯಲ್ಲಿ ನನ್ನ ಲೆಕ್ಕವನ್ನು ಯಾರೂ ಓದುತ್ತಿಲ್ಲ. ಹಂತಗಳು ಸರಿಯಾಗಿವೆ, ಉತ್ತರ ಸರಿಯಾಗಿದೆ, ಆದರೆ ಎಲ್ಲರೂ ಪಕ್ಕದಲ್ಲಿ 'ಕಾಯಿಲೆ' ಎಂದು ಬರೆದು ಪುಟ ತಿರುಗಿಸುತ್ತಿದ್ದಾರೆ. ಟವೆಲ್ ಒದ್ದೆ ಇದ್ದದ್ದು ನಿಜ, ಕಾರು ಅಡ್ಡ ಇದ್ದದ್ದು ನಿಜ, ಸಾರು ಉಪ್ಪಾದದ್ದಂತೂ ಸತ್ಯ. ನನ್ನ ಕೋಪಕ್ಕೆ ಬೆಲೆ ಇದ್ದದ್ದು ಅದು ನನ್ನದು ಎಂದು ಅವರು ನಂಬಿದ್ದಾಗ ಮಾತ್ರ. ಆ ಋಷಿಗಳೂ ಖಂಡಿತ ಒಪ್ಪುತ್ತಿರಲಿಲ್ಲ ಬಿಡಿ. ಶಾಪ ಕೊಟ್ಟ ಮೇಲೆ, "ಪಾಪ, ಸ್ವಾಮಿಗಳಿಗೆ ಗ್ರಂಥಿಯ ತೊಂದರೆ" ಎಂದು ಯಾರಾದರೂ ಅಂದಿದ್ದರೆ ಅವರನ್ನೂ ಹೆಬ್ಬಾವು ಮಾಡುತ್ತಿದ್ದರು.

ಗುರುವಾರದ ಹೊತ್ತಿಗೆ ನನ್ನ ಪ್ರಾರ್ಥನೆ ತಿರುಗಿತ್ತು. ಗಡ್ಡೆ ಇರಬಾರದು ದೇವರೇ, ನನಗಿನ್ನೂ ಬದುಕಬೇಕು. ಮತ್ತೆ ಈ ಕೋಪ ನನ್ನದೇ ಆಗಿರಲಿ, ಇವರ ಹತ್ತಿರ ನಾನಿನ್ನೂ ಜಗಳ ಆಡಬೇಕು.

ಡಾಕ್ಟರು ರಿಪೋರ್ಟ್ ನೋಡಿದಳು. ಹುಬ್ಬು ಗಂಟಿಕ್ಕಿತು. ಆಮೇಲೆ ಅವಳ ಬೆರಳು ಇನ್ನೊಂದು ಸಾಲಿನ ಮೇಲೆ ಹೋಗಿ ನಿಂತಿತು.

"ಆರೂವರೆ ಲೀಟರಾ? ಏನ್ ಮಾಡಿದ್ರಿ ಮೇಡಂ ಅವತ್ತು?"

ನನ್ನ ಗಂಡ ಬಾರ್ಲಿಯಿಂದ ಲಾವಂಚದವರೆಗೆ ಕ್ರಮವಾಗಿ ಒಪ್ಪಿಸಿದರು. ಡಬ್ಬ ಅರ್ಧ ಕೊಡಬಾರದು ಎಂದು ತಾಯಿಯವರ ಅಭಿಪ್ರಾಯವಾಗಿತ್ತು ಎಂದೂ ಸೇರಿಸಿದರು. ಆ ಹುಡುಗಿ ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

"ಅಷ್ಟು ನೀರು ಕುಡಿದ್ರೆ ಈ ಟೆಸ್ಟು ಸುಳ್ಳು ಸುಳ್ಳೇ ಜಾಸ್ತಿ ತೋರಿಸ್ಬೋದು ಸಾರ್. ಮಾಮೂಲಿ ಇದ್ದಂಗೇ ಇರಿ ಅಂತ ಹೇಳಿದ್ನಲ್ಲ? ಇನ್ನೊಂದ್ ಸಲ ಮಾಡ್ಸಿ. ದಿನಾ ಎಷ್ಟು ಕುಡೀತಾರೋ ಅಷ್ಟೇ. ದಿನಾ ಹೇಗಿರ್ತೀರೋ ಹಾಗೇ. ಜಗಳ ಆಡೋ ಹಾಗಿದ್ರೆ ಜಗಳಾನೂ ಆಡಿ."

ಹೀಗೆ ಇನ್ನೊಂದು ಭಾನುವಾರ, ಇನ್ನೊಂದು ಡಬ್ಬ. ಈ ಸಲ ಕುಡಿಸುವ ಕಾಟವಿಲ್ಲ, ಮಾಮೂಲಿಯಾಗಿರುವ ಕಾಟ. ಮಾಮೂಲಿಯಾಗಿರಬೇಕು ಎಂದು ಹೊರಟರೆ ಎಷ್ಟು ಕಷ್ಟ ಎಂಬುದು ಫೋಟೋ ತೆಗೆಸಿಕೊಳ್ಳಲು ನಿಂತವರಿಗೆಲ್ಲ ಗೊತ್ತು. ನನ್ನ ಗಂಡ ಸ್ನಾನ ಮಾಡಿ ಬಂದು, ಟವೆಲನ್ನು ಕೈಯಲ್ಲಿ ತೂಗಿ ನೋಡಿ, ಹಾಸಿಗೆಯ ಮಧ್ಯಕ್ಕೆ ಸರಿಯಾಗಿ ಎಸೆದು, "ಇಷ್ಟು ಸಾಕಾ?" ಎಂದು ಕೇಳಿದರು. ಬೈಯಲು ಬಾಯಿ ತೆರೆದವಳಿಗೆ ನಗು ಬಂತು. ಅವರು ನಗದೆ ಟವೆಲನ್ನು ಎತ್ತಿ ಹಗ್ಗದ ಮೇಲೆ ಹರವಿದರು. ಅತ್ತೆ ಉಪ್ಪಿನ ಡಬ್ಬಿ ಹಿಡಿದು, ನನಗೆ ಕಾಣುವಂತೆ ಒಲೆಯ ಮುಂದೆ ನಿಂತಿದ್ದರು, ಹಾಕಲು ಮಾತ್ರ ಅವರಿಗೆ ಮನಸ್ಸು ಬರಲಿಲ್ಲ. ಸಂಜೆಗೆ ನಾನೇ ಹೊರಗೆ ಹೋಗಿ ಗೇಟಿನ ಮುಂದಿನ ಕಾರಿಗಾಗಿ ಹತ್ತು ನಿಮಿಷ ಕೂಗಾಡಿ ಬಂದೆ. ಒಂದಿಷ್ಟಾದರೂ ಮಾಮೂಲಿ ಇರಲಿ ಎಂದು.

ಡಬ್ಬ ಮೂರನೇ ಒಂದು ಭಾಗವೂ ತುಂಬಿರಲಿಲ್ಲ. ಅದನ್ನು ತೆಗೆದುಕೊಂಡು ಹೊರಡುವಾಗ ಅತ್ತೆ ಬಾಗಿಲಿಗೆ ಬರಲಿಲ್ಲ, ಮರ್ಯಾದೆಯ ಪ್ರಶ್ನೆ.

ಮತ್ತೊಂದು ವಾರ ಕಾದೆವು. ಈ ಸಲ ರಿಪೋರ್ಟನ್ನು ಫೋನಿನಲ್ಲಿ ತೆರೆಯುವುದೇ ಬೇಡ, ಡಾಕ್ಟರ ಮುಂದೆಯೇ ನೋಡೋಣ ಎಂದು ಗಂಡ ಹೇಳಿದರು. ಬಿಳೇಕಹಳ್ಳಿಯ ಆ ಕ್ಲಿನಿಕ್ಕಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆವು, ಇಬ್ಬರೂ ಒಂದು ಮಾತಾಡದೆ. ನಮ್ಮ ಮದುವೆಯಾದಂದಿನಿಂದ ಅಷ್ಟು ಹೊತ್ತು ಜೊತೆಯಲ್ಲಿ ಸುಮ್ಮನೆ ಕೂತದ್ದು ಅದೇ ಮೊದಲು. ನನಗದು ಒಂಚೂರೂ ಇಷ್ಟವಾಗಲಿಲ್ಲ.

"ನಾರ್ಮಲ್" ಎಂದಳು ಡಾಕ್ಟರು. ಸ್ಕ್ಯಾನೂ ಬೇಡ, ಆಪರೇಷನ್ನೂ ಬೇಡ. ಬಿ.ಪಿ.ಯ ಮಾತ್ರೆ ಬದಲಾಯಿಸಿಕೊಡುತ್ತೇನೆ, ತೂಕ ಇಳಿಸಿ, ದಿನಾ ನಡೆಯಿರಿ, ಮುಖ ದುಂಡಗಾಗಿರುವುದು ತೂಕಕ್ಕೆ ಎಂದಳು.

"ಹಾಗಾದ್ರೆ ಕೋಪ?" ಎಂದು ಕೇಳಿದೆ.

"ಅದು ನಿಮ್ದೇ ಮೇಡಂ. ನಮ್ಮ ಡಿಪಾರ್ಟ್‌ಮೆಂಟಿಗೆ ಬರಲ್ಲ."

ನಾನು ಆ ಕಾಗದವನ್ನು ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡೆ. ನನ್ನ ಎಲ್ಲ ಡಿಗ್ರಿಗಳಿಗಿಂತ ಅದನ್ನು ಜೋಪಾನವಾಗಿ ಇಟ್ಟುಕೊಂಡೆ. ಹೊರಗೆ ಬಂದು ಆಟೋ ಹತ್ತಿದೆವು. ಬನ್ನೇರುಘಟ್ಟ ರಸ್ತೆ ಎಂದಿನಂತೆ ನಿಂತಿತ್ತು, ಬಸ್ಸು ಕಾರುಗಳ ನಡುವೆ ಆಟೋ ಸಿಕ್ಕಿಹಾಕಿಕೊಂಡಿತು. ಗಂಡ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು.

"ಗೀಸರ್ ಆಫ್ ಮಾಡಲ್ಲ ನೀನು" ಎಂದರು.

"ಏನು?"

"ಗೀಸರ್! ಮೂರು ವಾರದಿಂದ ನೋಡ್ತಾ ಇದೀನಿ, ಒಂದಿನಾನೂ ಆಫ್ ಮಾಡಿಲ್ಲ. ಹುಷಾರಿಲ್ವಲ್ಲ ಅಂತ ಸುಮ್ನಿದ್ದೆ. ಫೋನ್ ಯಾವಾಗ್ಲೂ ಸೈಲೆಂಟು. ಸ್ಕೂಲಲ್ಲಿ ನಿಂಗೇನಾಯ್ತೋ ಅಂತ ನಾನು ಮನೇಲಿ ಕೂತು ಹತ್ತು ಸಲ ಮಾಡ್ಬೇಕು. ಹೋದ್ ದೀಪಾವಳಿಗೇ ತಲೆ ಸುತ್ತತ್ತೆ ಅಂದಿದ್ಯಲ್ಲ? ಆಗ್ಲೇ ಡಾಕ್ಟ್ರ ಹತ್ರ ಹೋಗಕ್ಕೆ ನಿಂಗೇನಾಗಿತ್ತು? ಪೇಪರ್ ತಿದ್ಬೇಕು, ಸ್ಪೆಷಲ್ ಕ್ಲಾಸು, ಮಕ್ಕಳ ಎಕ್ಸಾಮು! ಮಕ್ಕಳು ಪಾಸಾಗ್ತಾರೆ. ನಿಂಗೇನಾದ್ರೂ ಆಗಿದ್ರೆ ನಾನೇನ್ ಮಾಡ್ಬೇಕಿತ್ತು? ಹೇಳು, ಏನ್ ಮಾಡ್ಬೇಕಿತ್ತು? ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ ನಿಂಗೆ?"

ಇಪ್ಪತ್ತೆಂಟು ವರ್ಷದಲ್ಲಿ ಅವರು ಆ ಸ್ವರದಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮುಖ ಕೆಂಪಾಗಿತ್ತು, ಕೈಬೆರಳು ನನ್ನ ಮೂಗಿನ ಹತ್ತಿರ ಬಂದಿತ್ತು. ಕಣ್ಣಲ್ಲಿ ನೀರು ತುಂಬಿ ನಿಂತಿತ್ತು. ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿ, "ಮೇಡಂ, ಏನಾದ್ರೂ ಪ್ರಾಬ್ಲಮ್ಮಾ?" ಎಂದು ಕೇಳಿದ.

"ಏನಿಲ್ಲಪ್ಪ, ಎಲ್ಲಾ ನಾರ್ಮಲ್ಲು. ನೀನು ರೋಡ್ ನೋಡು" ಎಂದೆ.

ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಅಡ್ಡ ಬಾಯಿ ಹಾಕಲು ಮನಸ್ಸೇ ಬರಲಿಲ್ಲ. ಬೈಗುಳ ನನ್ನ ಕಸುಬು. ಇದು ಎಂಥ ಬೈಗುಳ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಮೂರು ವಾರ ಈ ಮನುಷ್ಯ ನನ್ನನ್ನು ಬೈಯಲಾರದಷ್ಟು ಹೆದರಿಕೊಂಡಿದ್ದರು, ಈಗ ಹೆದರಿಕೆ ಬಿಟ್ಟಿತ್ತು. ಈಸ್ಟ್ ಎಂಡ್ ಸರ್ಕಲ್ ಬರುವವರೆಗೆ ಅವರೇ ಬೈಯಲಿ ಎಂದು ಬಿಟ್ಟುಕೊಟ್ಟೆ. ಅಲ್ಲಿಂದ ಮನೆಯವರೆಗೆ ನಾನು ಬೈದೆ.